ಕೋಟೆ ಬಾಗಿಲಿನ ಕಾವಲುಗಾರ

ಮಿತ್ರ ಮಹಾಶಯರೇ, ಇಂದು ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ ಒಬ್ಬ ಬಡ ಕಾವಲುಗಾರ ನನ್ನ ರಾಕ್ಷಸ ಚಕ್ರವರ್ತಿಯನ್ನು ಸೋಲಿಸಿಬಿಟ್ಟ!

ಮಾತಿನಲ್ಲೇ ರಾಜ್ಯ ಕಟ್ಟಿ, ದಾಳ ಉರುಳಿಸಿ ಯುದ್ಧ ಮಾಡುವ ಆಟ ನಮ್ಮದು. ಕಥೆ ನಡೆಸುವವನು ನಾನು. ಕೋಟೆಯೊಳಗೆ ರಾಕ್ಷಸನನ್ನು ಕೂರಿಸಿ, ಅವನಿಗೆ ಎರಡು ಪುಟದ ಗರ್ಜನೆ ಬರೆದು ಬಾಯಿಪಾಠ ಮಾಡಿದ್ದೆ. ಬಾಗಿಲ ಕಾವಲುಗಾರನ ಸಣ್ಣ ಪಾತ್ರವನ್ನು ಮಾತ್ರ ಭದ್ರಾವತಿಯ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಮಾಡುವ ಗೆಳೆಯ ನಸೀರನಿಗೆ ಒಪ್ಪಿಸಿದೆ. "ನೀನೇ ಸೃಷ್ಟಿಸು, ನೀನೇ ಆಡಿಸು" ಎಂದೆ.

ಆಟದಲ್ಲಿ ವೀರರಾದ ಸುಮಾ, ಮಂಜು ಕತ್ತಿ ಹಿರಿದು ಬಂದರು. ನಸೀರ ಕುರ್ಚಿಯಿಂದ ಏಳಲೂ ಇಲ್ಲ.

"ನನ್ನ ಶಿಫ್ಟ್ ನಿನ್ನೆನೇ ಮುಗೀತು ಸ್ವಾಮಿ. ನನ್ನ ಜಾಗಕ್ಕೆ ಬರ್ಬೇಕಾದ ರಿಲೀವರ್ ಬಂದಿಲ್ಲ. ಬಾಗಿಲು ಬಿಟ್ಟು ಹೋಗೋ ಹಾಗಿಲ್ಲ. ಮನೇಲಿ ಮಗಳಿಗೆ ಜ್ವರ."

ಸುಮಾ ಕತ್ತಿಯನ್ನು ಒರೆಗೆ ಸೇರಿಸಿದಳು. "ನೀವು ಹೋಗ್ಬನ್ನಿ ಅಣ್ಣ, ನಾವು ನಿಂತಿರ್ತೀವಿ."

"ಒಳಗೆ ರಾಕ್ಷಸ ಕಾಯ್ತಿದಾನೆ ಮಾರಾಯ್ತಿ!" ಎಂದು ಅಬ್ಬರಿಸಿದೆ.

"ಕಾಯ್ಲಿ ಬಿಡಿ. ಮಗೂಗೆ ಜ್ವರ ಅಂದಿದ್ದು ಕೇಳಿಸ್ಲಿಲ್ವಾ?"

ಭಲೇ ನಸೀರ! ಕಿರೀಟವಿಲ್ಲದೆ, ಗದೆಯಿಲ್ಲದೆ, ನಾಲ್ಕು ಮಾತಿನಲ್ಲಿ ಜೀವಂತ ಮನುಷ್ಯನನ್ನು ತಂದು ನಿಲ್ಲಿಸಿದ. ಆಟ ಮುಗಿದಾಗ ವೀರರಿಬ್ಬರೂ ತಾವು ಗೆಲ್ಲಬೇಕಾದ ಕೋಟೆಗೇ ಕಾವಲು ನಿಂತಿದ್ದರು.

ಎಲ್ಲರೂ ಹೊರಟ ಮೇಲೆ ಹೆಂಡತಿ ಅಡುಗೆಮನೆಯಿಂದ ಕೇಳಿದಳು, "ಆ ಕಾವಲುಗಾರನ ಮಗಳಿಗೆ ಜ್ವರ ಬಿಡ್ತಾ?"

ರಾಕ್ಷಸನ ಯೋಗಕ್ಷೇಮ ಇದುವರೆಗೂ ಯಾರೂ ವಿಚಾರಿಸಿಲ್ಲ.