ರಾಜಮ್ಮನ ಕಾರು

ತೆಲುಗು ನಾಡಿನ ಗಾಜುವಾಕಕ್ಕೆ ವರ್ಗವಾಗಿ ಬರುವ ಕನ್ನಡದ ಬ್ಯಾಂಕಿನವರು ಯಾರೂ ತಮ್ಮ ಆಧಾರ್ ಕಾರ್ಡಿನ ಊರನ್ನು ಬದಲಿಸುವುದಿಲ್ಲ. ಬದಲಿಸಿದವನಿಗೆ ಮತ್ತೆ ಕರ್ನಾಟಕಕ್ಕೆ ವರ್ಗವಾಗುವುದಿಲ್ಲ ಎಂದು ಅವರಲ್ಲೊಂದು ನಂಬಿಕೆ. ಓದಿದವರು, ಸಾಲದ ಅರ್ಜಿಯಲ್ಲಿ ಒಂದು ಚುಕ್ಕಿ ಹೆಚ್ಚುಕಮ್ಮಿಯಾದರೂ ವಾಪಸು ತಳ್ಳುವವರು. ಈ ವಿಷಯದಲ್ಲಿ ಮಾತ್ರ ಬೆಕ್ಕು ಅಡ್ಡ ಬಂತೆಂದು ನಿಂತುಬಿಡುವ ಜನ. ಹಾಗಿದ್ದರೆ ಗ್ಯಾಸ್ ಸಿಲಿಂಡರಿಗೆ, ಇಂಟರ್‌ನೆಟ್ಟಿಗೆ, ಇನ್ನೊಂದಕ್ಕೆ ಇಲ್ಲಿನ ವಿಳಾಸ ಬೇಕಲ್ಲ? ಅದಕ್ಕೆ ರಾಜಮ್ಮ ಇದ್ದಳು.

ರಾಜಮ್ಮ ಮಧುಗಿರಿ ಕಡೆಯವಳು. ಉಕ್ಕಿನ ಕಾರ್ಖಾನೆ ಕಟ್ಟುವ ಕಾಲಕ್ಕೆ ಗಾರೆ ಕೆಲಸದ ಗಂಡನ ಹಿಂದೆ ಬಂದವಳು ಇಲ್ಲೇ ಉಳಿದಳು. ಕಾರ್ಖಾನೆ ಎದ್ದಿತು, ಗಂಡ ಹೋದ. ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಮೇಜು ಹಾಕಿ ಮುದ್ದೆ, ಬಸ್ಸಾರು, ಉಪ್ಸಾರು ಬಡಿಸತೊಡಗಿದಳು. ಊರು ಬಿಟ್ಟು ಬಂದ ಹುಡುಗರು ಆ ಬಸ್ಸಾರಿನ ವಾಸನೆಗೇ ಕಣ್ಣು ಒದ್ದೆ ಮಾಡಿಕೊಂಡು "ಅಮ್ಮಾ" ಅನ್ನುತ್ತಿದ್ದರು. ಅನ್ನ ಹಾಕಿದವಳನ್ನು ಅಮ್ಮ ಎನ್ನುವುದಕ್ಕೆ ಖರ್ಚೇನೂ ಇಲ್ಲ ನೋಡಿ. ಆಕೆಯೂ ಅದನ್ನು ನಿಜವೆಂದೇ ನಂಬಿ ಒಂದೊಂದು ಮುದ್ದೆ ಹೆಚ್ಚಿಗೆ ಹಾಕುತ್ತಿದ್ದಳು.

ಅವರಲ್ಲಿ ಸುಮಂತ್ ಎಂಬಾತ ತಿಪಟೂರಿನವನು, ಬ್ಯಾಂಕಿನ ಆಫೀಸರು. ಒಳ್ಳೆಯ ಹುಡುಗ ಎಂದೇ ಎಲ್ಲರ ಮಾತು. ತಟ್ಟೆ ತಾನೇ ಎತ್ತಿಡುತ್ತಿದ್ದ, ಆಕೆಗೆ ಜ್ವರ ಬಂದರೆ ಮಾತ್ರೆ ತಂದುಕೊಡುತ್ತಿದ್ದ. ಹೋದ ವರ್ಷ ದೀಪಾವಳಿಯ ಹೊತ್ತಿಗೆ ಅವನೊಂದು ಹಳೆಯ ಬಿಳಿ ಕಾರು ಕೊಂಡ. ನೋಂದಣಿಗೆ ಇಲ್ಲಿನ ವಿಳಾಸ ಕೇಳಿದರು.

"ಅಮ್ಮಾ, ನೀವು ನನ್ನ ತಾಯಿ ಇದ್ದ ಹಾಗೆ. ಕಾರು ನಿಮ್ಮ ಹೆಸರಲ್ಲೇ ಇರ್ಲಿ," ಅಂದ. "ತಾಯಿ ಹೆಸರಲ್ಲಿ ತಗೊಂಡ್ರೆ ಶುಭ ಅಂತಾರೆ."

ರಾಜಮ್ಮ ಒಳಗೆ ಹೋಗಿ ತನ್ನ ಆಧಾರ್ ಕಾರ್ಡು ತಂದುಕೊಟ್ಟಳು. ಹೆತ್ತ ಮಗ ಬಂದರಿನಲ್ಲಿ ಮೂಟೆ ಹೊರುವ ಗುತ್ತಿಗೆಯವನು. ಹಡಗು ಬಂದ ದಿನ ಕೂಲಿ, ಬಾರದ ದಿನ ಚಾಪೆ. ಅವನಿಂದ ಒಂದು ಸೈಕಲ್ಲನ್ನೂ ಆಕೆ ಕಂಡಿರಲಿಲ್ಲ. ಮೊಬೈಲಿಗೆ ಬಂದ ಓಟಿಪಿ ನಂಬರನ್ನು ಸಂತೋಷದಿಂದ ಓದಿ ಹೇಳಿದಳು. ಚಕ್ರಕ್ಕೆ ನಿಂಬೆಹಣ್ಣು ಇಟ್ಟಳು, ತೆಂಗಿನಕಾಯಿ ಒಡೆದಳು, ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿದಳು. ಸುಮಂತ್ ಒಂದು ಸೀರೆ ಕೊಟ್ಟ. ಕಾರಿನಲ್ಲಿ ಮಾತ್ರ ಆಕೆ ಕೂರಲಿಲ್ಲ. ಯಾರೂ ಕೂರು ಅನ್ನಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಅವನಿಗೆ ಕೊಂಡಪಲ್ಲಿಯ ಶಾಖೆಗೆ ವರ್ಗವಾಯಿತು. ಅದರ ಹತ್ತಿರದ ವಿಜಯವಾಡದಲ್ಲಿ ಮನೆ ಮಾಡಿದ, ಕಾರೂ ಅವನ ಜೊತೆ ಹೋಯಿತು.

ಇಷ್ಟಾಗಿ ಜೂನ್ ಬಂತು. ಶಾಲೆಗೆ ಹೋಗುವ ಮಕ್ಕಳ ತಾಯಂದಿರ ಖಾತೆಗೆ ಸರ್ಕಾರ ವರ್ಷಕ್ಕೊಮ್ಮೆ ದುಡ್ಡು ಹಾಕುವ ತಿಂಗಳು ಅದು. ರಾಜಮ್ಮ ಅದನ್ನು ತಾಯಿ ದುಡ್ಡು ಎಂದೇ ಕರೆಯುತ್ತಿದ್ದಳು. ಸೊಸೆ ಬಿಂದುಶ್ರೀ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸದವಳು. ಅವಳ ಮಗಳು ಜಾಹ್ನವಿ ಹತ್ತನೇ ತರಗತಿಯಲ್ಲಿ ಶಾಲೆಗೇ ಮೂರನೆಯವಳಾಗಿ ಪಾಸಾಗಿದ್ದಳು. ಆದರೆ ಫೀಸು ಬಾಕಿ ಇತ್ತು, ಅದು ತೀರುವವರೆಗೆ ಟಿಸಿ ಕೊಡುವುದಿಲ್ಲ ಎಂದು ಶಾಲೆಯವರು ಕೂತಿದ್ದರು. ಟಿಸಿ ಇಲ್ಲದೆ ಸರ್ಕಾರಿ ಕಾಲೇಜೂ ಸೇರಿಸಿಕೊಳ್ಳುವುದಿಲ್ಲ. ತಾಯಿ ದುಡ್ಡು ಬಂದರೆ ಬಾಕಿ ತೀರುತ್ತದೆ, ಹುಡುಗಿ ಕಾಲೇಜಿಗೆ ಹೋಗುತ್ತಾಳೆ. ಬಾರದಿದ್ದರೆ ಅಮ್ಮನ ಪಕ್ಕದಲ್ಲಿ ನಿಂತು ಸೀರೆ ಮಡಚುತ್ತಾಳೆ. ಮನೆಯವರೆಲ್ಲ ವಾರದಿಂದ ಬಿಂದುಶ್ರೀಯ ಮೊಬೈಲನ್ನೇ ನೋಡುತ್ತ ಕೂತಿದ್ದರು.

ಓಣಿಯ ತಾಯಂದಿರಿಗೆಲ್ಲ ಬಂತು, ಬಿಂದುಶ್ರೀಗೆ ಬರಲಿಲ್ಲ. ಅತ್ತೆ ಸೊಸೆ ಇಬ್ಬರೂ ಓಣಿಯವರ ಸರ್ಕಾರಿ ಕೆಲಸ ನೋಡಿಕೊಳ್ಳುವ ವಾರ್ಡ್ ಸಚಿವಾಲಯವೆಂಬ ಕಚೇರಿಗೆ ಹೋದರು. ಅಲ್ಲಿನ ರಾಜ್ಯಲಕ್ಷ್ಮಿ ಎಂಬ ಹುಡುಗಿ ಕಂಪ್ಯೂಟರ್ ನೋಡಿ ತೆಲುಗಿನಲ್ಲಿ ಹೇಳಿದಳು, "ನಿಮ್ಮ ಕುಟುಂಬಕ್ಕೆ ಅರ್ಹತೆ ಇಲ್ಲಾಂತ ಬಂದಿದೆ ಅಮ್ಮಾ."

"ಯಾಕೆ? ನಮ್ಗೆ ಬಡವರ ಅಕ್ಕಿ ಕಾರ್ಡ್ ಐತೆ. ಹುಡುಗಿ ಒಂದಿನ ಶಾಲೆ ತಪ್ಪಿಸಿಲ್ಲ," ಅಂದಳು ರಾಜಮ್ಮ.

"ಅದಷ್ಟೇ ಸಾಲದು. ಮನೆಯಲ್ಲಿ ಯಾರೂ ಸರ್ಕಾರಿ ನೌಕರಿಯವರು ಇರಬಾರದು, ಆದಾಯ ತೆರಿಗೆ ಕಟ್ಟಬಾರದು, ಕರೆಂಟ್ ಮಿತಿ ಮೀರಬಾರದು. ಟ್ಯಾಕ್ಸಿ, ಟ್ರ್ಯಾಕ್ಟರ್ ಬಿಟ್ಟು ಬೇರೆ ನಾಲ್ಕು ಚಕ್ರದ ಗಾಡಿ ಇರಬಾರದು. ನಿಮ್ಮ ಮನೆಯಲ್ಲಿ ಕಾರಿದೆ. ಒಡತಿ ರಾಜಮ್ಮ ಅಂತಿದೆ."

ಸರತಿಯಲ್ಲಿದ್ದ ಹೆಂಗಸರು ತಿರುಗಿ ನೋಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ತೆಲುಗಿನಲ್ಲಿ ಇದೆಯೋ ಇಲ್ಲವೋ, ಆ ನಗುವಿನಲ್ಲಿ ಇತ್ತು. ರಾಜಮ್ಮ ಕಾರಿನ ಕಥೆ ಹೇಳಿಕೊಂಡಳು. ರಾಜ್ಯಲಕ್ಷ್ಮಿ ಕೆಟ್ಟವಳಲ್ಲ, ಪೂರ್ತಿ ಕೇಳಿದಳು. "ಗಾಡಿ ಯಾರು ಓಡಿಸ್ತಾರೆ ಅಂತ ಕಂಪ್ಯೂಟರ್ ಕೇಳಲ್ಲಮ್ಮಾ, ಯಾರ ಹೆಸರಲ್ಲಿದೆ ಅಂತ ಮಾತ್ರ ಕೇಳುತ್ತೆ. ಬೇರೆಯವರ ಹೆಸರಿಗೆ ಮಾಡಿಸಿ ತನ್ನಿ, ಎರಡನೇ ಪಟ್ಟಿಗೆ ಹಾಕ್ತೀನಿ. ಎರಡು ವಾರದೊಳಗೆ," ಅಂದಳು.

ಬಿಂದುಶ್ರೀ ಬಿರಬಿರನೆ ಮುಂದೆ ನಡೆದಳು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅಂದಳು, "ಅತ್ತಯ್ಯಾ, ನಾಳೆ ನಿಮ್ಮ ಕಾರಲ್ಲೇ ಅವಳನ್ನ ಕರಕೊಂಡು ಹೋಗಿ ಬಟ್ಟೆ ಅಂಗಡಿಗೆ ಸೇರಿಸಿ ಬನ್ನಿ." ಒಳಗಿದ್ದ ಜಾಹ್ನವಿ ಅದನ್ನು ಕೇಳಿಸಿಕೊಂಡಳು. ಅವಳು ಹುಟ್ಟಿದ್ದು ಬೆಳೆದದ್ದು ಇಲ್ಲೇ. ಅಜ್ಜಿ ಅನ್ನುವುದಿಲ್ಲ, ತೆಲುಗಿನವರ ಹಾಗೆ ನಾನಮ್ಮ ಅನ್ನುತ್ತಾಳೆ. ಅವತ್ತು ಅದನ್ನೂ ಅನ್ನಲಿಲ್ಲ. ರಾಜಮ್ಮನಿಗೆ ಸೊಸೆಯ ಮಾತಿಗಿಂತ ಅದೇ ಹೆಚ್ಚು ಉರಿಯಿತು.

ಸುಮಂತನಿಗೆ ಫೋನು ಮಾಡಿದಳು. ಮೊದಲ ಸಲ "ಖಂಡಿತ ಮಾಡಿಸ್ತೀನಿ ಅಮ್ಮಾ" ಅಂದ. ಎರಡನೆಯ ಸಲ "ಮೀಟಿಂಗಲ್ಲಿದೀನಿ ಅಮ್ಮಾ" ಅಂದ. ಆಮೇಲೆ ಫೋನು ಸುಮ್ಮನೆ ಹೊಡೆದುಕೊಂಡಿತು. ಒಂದು ವಾರ ಹೀಗೇ ಹೋಯಿತು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಡಲು ತಯಾರಿದ್ದ, ನಡುವೆ ಒಬ್ಬ ಭಕ್ತ ಅಡ್ಡ ಮಲಗಿದ್ದ. ಎರಡನೇ ಶನಿವಾರ ಬ್ಯಾಂಕಿಗೆ ರಜೆ ಎಂದು ಲೆಕ್ಕ ಹಾಕಿ ರಾಜಮ್ಮ ಬೆಳಗಿನ ರೈಲು ಹತ್ತಿದಳು. ಬರುತ್ತೇನೆಂದು ಅವನಿಗೆ ತಿಳಿಸಲಿಲ್ಲ. ಡಬ್ಬಿಯಲ್ಲಿ ಅವನಿಗೆ ಇಷ್ಟವಾದ ಹುರುಳಿಕಾಳು ಚಟ್ನಿಪುಡಿ ಮಾತ್ರ ತುಂಬಿಕೊಂಡಿದ್ದಳು. ಅಂಥ ಹೆಂಗಸು ಆಕೆ.

ವಿಜಯವಾಡದ ಮನೆಯ ಬಾಗಿಲು ತೆಗೆದದ್ದು ಮನೆಗೆಲಸದ ಸಾಯಿಲಕ್ಷ್ಮಿ. ಸುಮಂತ್ ಮಾರುಕಟ್ಟೆಗೆ ಹೋಗಿದ್ದ. ಊರಿನಿಂದ ಬಂದಿದ್ದ ಅವನ ತಾಯಿ ವಿಜಯಲಕ್ಷ್ಮಿ ಕೈಹಿಡಿದು ಒಳಗೆ ಕರೆದರು.

"ಬನ್ನಿ ಬನ್ನಿ ರಾಜಮ್ಮ, ನನ್ನ ಮಗನ ಬಾಯಲ್ಲಿ ಯಾವಾಗ್ಲೂ ನಿಮ್ಮ ಬಸ್ಸಾರೇ," ಎಂದು ಕೂರಿಸಿ, ಕಾಫಿ ಬೆರೆಸಲು ಹೋದರು.

ಸಾಯಿಲಕ್ಷ್ಮಿ ನೀರು ತಂದುಕೊಟ್ಟಳು. ತೆಲುಗು ಮಾತಾಡುವವಳು ಸಿಕ್ಕಿದ ಸಂತೋಷಕ್ಕೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಕಷ್ಟ ಸುಖ ತೆಗೆದಳು. ಅವಳಿಗೆ ಇಬ್ಬರು ಮಕ್ಕಳು, ಇಬ್ಬರೂ ಓದುತ್ತಿದ್ದಾರೆ. ಮೊನ್ನೆ ತಾಯಿ ದುಡ್ಡು ಬಂತು. "ನನ್ನ ಗಂಡನ ಕೈಗೆ ಸಿಗದ ದುಡ್ಡು ಅಂದ್ರೆ ಅದೊಂದೇ ಅಮ್ಮಾ. ಸೀದಾ ನನ್ನ ಖಾತೆಗೇ ಬೀಳುತ್ತೆ. ಅದಿಲ್ಲದಿದ್ರೆ ದೊಡ್ಡವನು ಇಷ್ಟೊತ್ತಿಗೆ ಇಟ್ಟಿಗೆ ಹೊರುತ್ತಿದ್ದ," ಅಂದಳು. ರಾಜಮ್ಮ "ಪುಣ್ಯವಂತೆ" ಎಂದು ಮನಸಾರೆ ಹೇಳಿದಳು.

ಸಾಯಿಲಕ್ಷ್ಮಿ ಅಡುಗೆಮನೆಗೆ ಎದ್ದು ಹೋದಳು. ಕಾಫಿ ತಂದ ವಿಜಯಲಕ್ಷ್ಮಿಯವರಿಗೆ ರಾಜಮ್ಮ ಬಂದ ಕಾರಣವನ್ನು ಕನ್ನಡದಲ್ಲಿ ಹೇಳಿದಳು. ಅವರು ಲೊಚಗುಟ್ಟಿದರು. ಆಮೇಲೆ, ಏನೂ ಕಪಟವಿಲ್ಲದೆ, ಸಕ್ಕರೆ ಸಾಕೇ ಎಂದು ಕೇಳುವ ದನಿಯಲ್ಲೇ ಹೇಳಿದರು:

"ಮೊದ್ಲು ನನ್ನ ಹೆಸರಲ್ಲೇ ತಗೋತೀನಿ ಅಂತಿದ್ದ ಕಣ್ರೀ. ಆಮೇಲೆ ಅವನೇ ಬೇಡ ಅಂದ. ಊರಲ್ಲಿ ನಂದು ಬೇರೆ ರೇಷನ್ ಕಾರ್ಡು ನೋಡಿ, ಬಡವರ ಕಾರ್ಡು. ಕಾರಿದ್ರೆ ಅದು ರದ್ದಾಗತ್ತಂತೆ. ಆ ಕಾರ್ಡಿದ್ರೇನೇ ಆಸ್ಪತ್ರೆ ಗೀಸ್ಪತ್ರೆ ಎಲ್ಲಾ. ಸುಮ್ನೆ ಯಾಕೆ ಕಳ್ಕೋಬೇಕು ಅಂತ ವಿಚಾರ ಮಾಡ್ದ."

ರಾಜಮ್ಮನ ಕೈಯ ಲೋಟ ಅಲ್ಲೇ ನಿಂತಿತು. ಅಂದರೆ ಅವನಿಗೆ ಗೊತ್ತಿತ್ತು. ಕಾರಿನಿಂದ ಕಾರ್ಡು ಹೋಗುತ್ತದೆ, ಕಾರ್ಡಿನಿಂದ ಬರುವುದೆಲ್ಲ ಹೋಗುತ್ತದೆ, ಎಲ್ಲ ಗೊತ್ತಿತ್ತು. ಹೆತ್ತ ತಾಯಿಗೆ ಆಗಬಾರದು ಎಂದದ್ದನ್ನು ತಂದು ತಾಯಿ ಇದ್ದ ಹಾಗಿರುವವಳ ತಲೆಗೆ ಕಟ್ಟಿದ್ದ. ಹಚ್ಚಿದ ಕುಂಕುಮ, ಒಡೆದ ತೆಂಗಿನಕಾಯಿ ನೆನೆದು ಆಕೆಗೆ ತನ್ನ ಮೇಲೇ ಹೇಸಿಗೆಯಾಯಿತು. ಎದ್ದು ಆ ಲೋಟವನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ಬಡವನ ಕೋಪ ದವಡೆಗೆ ಮೂಲ. ಜಾಹ್ನವಿಯ ಟಿಸಿ ಇನ್ನೂ ಶಾಲೆಯ ಬೀರುವಿನಲ್ಲಿತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟಳು.

ಸುಮಂತ್ ಬಂದ. ಆಕೆಯನ್ನು ಕಂಡು ಒಂದು ಕ್ಷಣ ಮುಖ ಇಳಿಯಿತು, ತಕ್ಷಣ ಏರಿತು. "ಅಮ್ಮಾ! ಹೇಳಿದ್ರೆ ಸ್ಟೇಷನ್‌ಗೆ ಬರ್ತಿದ್ನಲ್ಲ!" ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತು.

"ಕಾರು ನನ್ನ ಹೆಸ್ರಿಂದ ತೆಗೆಸಿ ಸಾರ್. ಇವತ್ತೇ," ಅಂದಳು ರಾಜಮ್ಮ. ಅವನನ್ನು ಇಷ್ಟು ದಿನ 'ಸುಮಂತಪ್ಪ' ಅನ್ನುತ್ತಿದ್ದವಳು.

"ಮಾಡೋಣ ಅಮ್ಮಾ. ಆದ್ರೆ ನನ್ನ ಹೆಸರಿಗೆ ಅಂದ್ರೆ ಲೋಕಲ್ ಅಡ್ರೆಸ್ ಬೇಕು. ಆಧಾರ್ ಬದಲಿಸೋಕೆ... ನನ್ನ ವರ್ಗದ ಅರ್ಜಿ ಹೋಗಿದೆ. ಈಗ ಬದಲಿಸಿದ್ರೆ ಹೇಗೆ? ಮೂರು ತಿಂಗಳು ತಡೀರಿ, ಗಾಡೀನೇ ಊರಿಗೆ ತಗೊಂಡು ಹೋಗ್ತೀನಿ."

"ಮೂರು ತಿಂಗ್ಳಿಗೆ ಹುಡುಗಿ ಅಂಗ್ಡಿ ಸೇರಿರ್ತಾಳೆ. ನಾನು ಇಲ್ಲಿಂದ ಏಳಲ್ಲ."

ಆಕೆಯ ದನಿ ಏರಿರಲಿಲ್ಲ, ಆದರೂ ಸುಮಂತ್ ತಾಯಿಯ ಕಡೆ ನೋಡಿದ. ಗಡ್ಡ ತುರಿಸಿಕೊಂಡ. ಪರಿಹಾರ ಹೊಳೆದವನ ಮುಖವಾಯಿತು. ಅಡುಗೆಮನೆಯ ಕಡೆ ತಿರುಗಿ ತನ್ನ ಹರುಕು ತೆಲುಗಿನಲ್ಲಿ ಕೂಗಿದ.

"ಸಾಯಿಲಕ್ಷ್ಮಿಗಾರೂ! ನಿಮ್ಮ ಆಧಾರ್ ಕಾರ್ಡ್ ಜೊತೆಯಲ್ಲಿದೆಯಾ?"

ಸಾಯಿಲಕ್ಷ್ಮಿ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಕಾರಿಗೊಂದು ವಿಳಾಸ ಬೇಕು, ಬರೀ ಹೆಸರಿಗೆ, ನೀವು ನಮ್ಮ ಮನೆಯವರಿದ್ದ ಹಾಗೆ, ಎಂದು ಅವನು ವಿವರಿಸಿದ. ಅವಳ ಮುಖ ಅರಳಿತು. ನನ್ನ ಹೆಸರಲ್ಲಿ ಕಾರೇ ಎಂದು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ನಗು ರಾಜಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ದೀಪಾವಳಿಯ ಹೊತ್ತಿಗೆ ತಾನೂ ಹೀಗೇ ನಕ್ಕಿದ್ದಳು.

ಸುಮಂತ್ ಏಜೆಂಟನಿಗೆ ಫೋನು ಮಾಡಿ ಇಬ್ಬರ ಕಾರ್ಡುಗಳ ಫೋಟೋ ಕಳಿಸಿದ. ಇಷ್ಟು ದಿನ ಆಗದ ಕೆಲಸ ಕುಕ್ಕರು ಮೂರು ಕೂಗು ಕೂಗುವಷ್ಟರಲ್ಲಿ ಮುಂದೆ ಹೋಯಿತು. ರಾಜಮ್ಮನ ಮೊಬೈಲು ಸದ್ದು ಮಾಡಿತು.

"ಓಟಿಪಿ ಬಂತು ನೋಡಿ ಅಮ್ಮಾ. ಓದಿ ಹೇಳಿ."

ಆಕೆ ಮೊಬೈಲು ಕೈಗೆತ್ತಿಕೊಂಡಳು. ಬೇಡ ತಂಗಿ, ಕೊಡಬೇಡ, ನಿನ್ನ ಮಕ್ಕಳ ದುಡ್ಡು ಹೋಗುತ್ತದೆ: ತೆಲುಗಿನಲ್ಲಿ ಇಷ್ಟು ಹೇಳಿದರೆ ಸಾಕಿತ್ತು. ಸುಮಂತನ ತೆಲುಗಿಗೆ ಅದು ಪೂರ್ತಿ ಅರ್ಥವೂ ಆಗುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂತು ಕೂಡ. ಅದರ ಬೆನ್ನಿಗೇ ಜಾಹ್ನವಿ ಬಂದಳು, ಹಗಲೆಲ್ಲ ಗೋಡೆಗೆ ಮುಖ ಮಾಡಿ ಮಲಗಿರುವ ಜಾಹ್ನವಿ. ಈ ಸಾಯಿಲಕ್ಷ್ಮಿ ಬೇಡ ಅಂದರೆ ಕಾರು ನನ್ನಲ್ಲೇ ಉಳಿಯುತ್ತದೆ. ಇವಳ ದುಡ್ಡಿನ ಸರದಿ ಮತ್ತೆ ಬರುವುದು ಮುಂದಿನ ಜೂನಿಗೆ, ಅಷ್ಟರಲ್ಲಿ ಇವನು ಕಾರನ್ನು ಊರಿಗೆ ಒಯ್ದರೂ ಒಯ್ಯಬಹುದು. ಹೀಗೆ ಒಳಗೇ ಒಂದು ಸಮಾಧಾನ ಹೊಲಿದುಕೊಂಡಳು. ಆ ಸಮಾಧಾನ ಸುಳ್ಳೆಂದು ಆಕೆಗೆ ಗೊತ್ತಿತ್ತು. ಅವನ ಮೂರು ತಿಂಗಳು ಎಷ್ಟು ಉದ್ದ ಎಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು?

ಒಂದೊಂದೇ ಅಂಕಿ ಓದಿ ಹೇಳಿದಳು.

ಊಟ ಮಾಡಿ ಹೋಗಿ ಎಂದು ವಿಜಯಲಕ್ಷ್ಮಿ ಬಲವಂತ ಮಾಡಿದರು. ಹಸಿವಿಲ್ಲ ಅಂದಳು. ಮೊಮ್ಮಗಳಿಗೆ ಎಂದು ಅವರು ಕೊಂಡಪಲ್ಲಿಯ ಮರದ ಗೊಂಬೆಯೊಂದನ್ನು ಕೊಟ್ಟರು. ಕಾಲೇಜಿಗೆ ಹೋಗುವ ಹುಡುಗಿಗೆ ಗೊಂಬೆ. ರಾಜಮ್ಮ ತೆಗೆದುಕೊಂಡಳು. ಚಟ್ನಿಪುಡಿಯ ಡಬ್ಬಿಯನ್ನು ಮಾತ್ರ ಚೀಲದಿಂದ ಹೊರಗೆ ತೆಗೆಯಲಿಲ್ಲ. ಸ್ಟೇಷನ್ನಿಗೆ ಬಿಡುತ್ತೇನೆಂದು ಸುಮಂತ್ ಕೆಳಗಿಳಿದ. ತನ್ನದಾಗಿದ್ದ ಕಾರಿನಲ್ಲಿ, ತನ್ನದಲ್ಲದ ದಿನ, ಆಕೆ ಮೊದಲ ಸಲ ಕೂರಲಿದ್ದಳು.

ಸಾಯಿಲಕ್ಷ್ಮಿಯೂ ಜೊತೆಗೆ ಕೆಳಗೆ ಬಂದಿದ್ದಳು. ಕಾರಿನ ಸುತ್ತ ಒಂದು ಸುತ್ತು ಬಂದಳು. ಸೆರಗಿನ ತುದಿಯಿಂದ ಕನ್ನಡಿಯ ಮೇಲಿನ ಧೂಳು ಒರೆಸಿದಳು. ಆಮೇಲೆ ಏನೋ ಅನುಮಾನ ಬಂದವಳಂತೆ ರಾಜಮ್ಮನ ಹತ್ತಿರ ಸರಿದು, ಸುಮಂತನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದಳು.

"ಇಷ್ಟು ದಿನ ನಿಮ್ಮ ಹೆಸರಲ್ಲಿತ್ತಲ್ಲಮ್ಮಾ. ಏನೂ ತೊಂದರೆ ಆಗ್ಲಿಲ್ಲ ಅಲ್ವಾ?"

"ಏನೂ ಇಲ್ಲ ತಾಯಿ," ಅಂದಳು ರಾಜಮ್ಮ, ಹೋಗಿ ಕಾರಿನಲ್ಲಿ ಕೂತಳು.