ಪಡಸಾಲೆಯ ಕುರ್ಚಿ

ಹೊಳಲ್ಕೆರೆ ಸೀಮೆಯ ನಮ್ಮೂರಿನಲ್ಲಿ ಸಮೀಕ್ಷೆಗೆಂದು ಗೌಡರ ಮನೆಗೆ ಹೋದ ನಾನು, ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟು ಅಂಗಳದಲ್ಲಿ ನಿಂತಿದ್ದೆ. ಕೊರಳಲ್ಲಿ ಶಿಕ್ಷಕಿಯ ಗುರುತಿನ ಚೀಟಿ ಇತ್ತು. ನಮ್ಮ ಕೇರಿಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನೇ. ಆದರೂ ನಮ್ಮವರು ಯಾರೂ ದಾಟದ ಆ ಹೊಸ್ತಿಲ ಮುಂದೆ ಕಾಲು ತಾನಾಗಿ ನಿಂತಿತ್ತು.

"ಓದ್ಕಂಡೀಯಂತೆ, ಒಳ್ಳೇದಾತು. ಅಲ್ಲೇ ನಿಂತ್ಕಂಡು ಬರ್ಕಳವ್ವ, ಹೇಳ್ತೀನಿ" ಎಂದರು, ಪಡಸಾಲೆಯಲ್ಲಿ ಕುಳಿತಿದ್ದ ಗೌಡರ ತಾಯಿ.

ಹೂಂ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡೆ. "ಭಾಳ ಬರಿಯೋದೈತ್ರಿ ಅಮ್ಮ, ಒಳಗೆ ಕುಂತ್ಕಂಡೇ ಬರ್ಕತೀನಿ" ಎನ್ನುತ್ತಾ ಹೊಸ್ತಿಲು ದಾಟಿ, ಅವರೆದುರಿನ ಕುರ್ಚಿಯಲ್ಲಿ ಕುಳಿತೆ. ಅವರು ನನ್ನನ್ನೇ ನೋಡುತ್ತಿದ್ದರು. ಬೈಯಲಿಲ್ಲ, ಏಳು ಎನ್ನಲೂ ಇಲ್ಲ. ಕೊನೆಗೆ "ಕೇಳು ಮತ್ತೆ" ಎಂದರು. ಮೊದಲು ಅವರ ಹೆಸರು ಕೇಳಿದೆ. ಇಷ್ಟು ವರ್ಷ ನಮ್ಮ ಕೇರಿಯವರು ಯಾರೂ ಅವರನ್ನು ಹೆಸರು ಕೇಳಿರಲಿಲ್ಲ.

ಸಂಜೆ ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಇಪ್ಪತ್ತು ವರ್ಷ ಆ ಮನೆಯ ಕೊಟ್ಟಿಗೆಯಲ್ಲಿ ಸಗಣಿ ಬಾಚಿದವಳು. ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಕೇಳಿದಳು: "ಆ ಮನೆ ಒಳಗೆ ಹೆಂಗೈತೆ ಮಗಾ?"