ಅಜ್ಜನ ಚಾದರದ ಕೋಟು

ಅಜ್ಜ ತೀರಿಕೊಂಡ ಮೇಲೆ ಅವನ ಹಾಸಿಗೆ ಮನೆಯಲ್ಲಿರಬಾರದು ಎಂದಳು ಆಯಿ, ಅಂದರೆ ನನ್ನ ಅಜ್ಜಿ. ಕೊಣ್ಣೂರಿನ ನಮ್ಮ ಓಣಿಯಲ್ಲಿ ಎಲ್ಲ ಮನೆಗಳ ರೂಢಿ ಅದು. ಗಾದಿ, ದಿಂಬು ಹೋದವು. ಸೊಲ್ಲಾಪುರದ ಚಾದರವನ್ನೂ ಮಡಿಚಿ ಬಾಗಿಲ ಬಳಿ ಇಟ್ಟಾಗ ತಡೆದೆ. ಸೋಮವಾರ ಕಾಕಾ ಅದನ್ನು ತುಕ್ಕಾನಟ್ಟಿಗೆ ಒಯ್ದು ಹೊಲ ಕಾಯುವವರಿಗೆ ಕೊಡುವುದಿತ್ತು.

“ನಮಗ ನಡೀಲಾರದ್ದು ಅವರಿಗೆ ಹೆಂಗ ನಡೀತೈತಿ?” ಎಂದೆ.

“ಅವರಿಗೆ ಚಳಿ ಐತಿ. ನಿನಗ ಬರೇ ಹಟ ಐತಿ.”

ಕಾಲೇಜಿನ ಚರ್ಚಾಸ್ಪರ್ಧೆಯಲ್ಲಾಗಿದ್ದರೆ, ವಿಷಯ ಬಿಟ್ಟು ವ್ಯಕ್ತಿಯ ಮೇಲೆ ಬಂದಿರಿ ಎಂದು ಎದುರಾಳಿಯನ್ನು ಅಲ್ಲೇ ಹಿಡಿಯುತ್ತಿದ್ದೆ. ಇಲ್ಲಿ ಆಗಲಿಲ್ಲ. ನನಗೆ ಆ ಚಾದರ ಬೇಕೇ ಬೇಕಿತ್ತು. ಅದನ್ನು ಹೊದ್ದು ಕಟ್ಟೆಯ ಮೇಲೆ ಕೂತು ಅಜ್ಜ ನನ್ನ ಭಾಷಣಗಳಲ್ಲಿ ತಪ್ಪು ಹುಡುಕುತ್ತಿದ್ದ. ಅದನ್ನು ಹೇಳಹೋದರೆ ಅಳು ಬರುತ್ತಿತ್ತು. ವಾದ ಮಾಡುವುದು ಸುಲಭ.

“ಹೊಲದವರಿಗೆ ನನ್ನ ರಗ್ಗು ಕೊಡತೇನಿ. ರೂಢಿ ಇರೂದು ಹಾಸಿಗಿಗೆ ಹೌದಿಲ್ಲೋ? ಇದನ್ನ ಕೋಟು ಹೊಲಿದ್ರ ಹಾಸಿಗಿ ಹೆಂಗಾಕ್ಕೈತಿ?”

“ಬಾಯಿಲೆ ಹೊಲಿಯಾಕ ಬರೂದಿಲ್ಲವಾ,” ಎಂದಳು ಆಯಿ. “ಸೋಮವಾರದೊಳಗ ಕೋಟು ಆದ್ರ ಇರಲಿ. ಆಗಲಿಲ್ಲಂದ್ರ ಮನಿಯಾಗ ಒಂದು ತುಂಡೂ ಉಳಿಯಂಗಿಲ್ಲ.”

ಒಪ್ಪಿಕೊಂಡೆ. ಅವ್ವನ ಹೊಲಿಗೆ ಮಷಿನ್ನಿನಲ್ಲಿ ನಾನು ಅಲ್ಲಿಯವರೆಗೆ ಹೊಲಿದದ್ದು ದಿಂಬಿನ ಚೀಲ ಮಾತ್ರ. ಹಳೆಯ ಕೋಟೊಂದರ ಅಳತೆಯಲ್ಲಿ ಪೇಪರ್ ಕತ್ತರಿಸಿ, ಚಾದರದ ಮೇಲಿಟ್ಟು, ಚಾಕ್‌ಪೀಸಿನಿಂದ ಗುರುತು ಮಾಡಿದೆ. ಮುಂಭಾಗಕ್ಕೆ ಅದೇ ಪೇಪರನ್ನು ಎರಡು ಸಲ ಇಟ್ಟೆ. ಕತ್ತರಿ ಆಡಿಸಿಯೂ ಬಿಟ್ಟೆ.

ಭಾನುವಾರ ಮಧ್ಯಾಹ್ನ ಬೆನ್ನಿಗೆ ಜೋಡಿಸಲು ಕೂತಾಗ ತಿಳಿಯಿತು: ಎರಡೂ ಎಡಭಾಗಗಳೇ. ಪೇಪರನ್ನು ಎರಡನೆಯ ಸಲ ಮಗುಚಿ ಹಾಕಬೇಕಿತ್ತು. ಉಳಿದದ್ದು ಚಿಂದಿ, ಅದರಲ್ಲಿ ಇನ್ನೊಂದು ಮುಂಭಾಗ ಆಗುವಂತಿರಲಿಲ್ಲ.

ಕಾಕಾ ಚಹಾ ಕುಡಿಯುತ್ತ ಬಗ್ಗಿ ನೋಡಿದ. “ಬಲಗೈ ಮನಿಯಾಗ ಬಿಟ್ಟು ಹೋಗಾಕೀ ಏನು?”

“ನೀವು ಚಹಾ ಕುಡೀರಿ ಕಾಕಾ.”

ಸೋತೆನೆಂದು ಎದ್ದುಹೋಗಲು ನನಗೆ ಬರುವುದಿಲ್ಲ. ಎರಡು ಎಡಭಾಗಗಳಲ್ಲಿ ಒಂದನ್ನು ತಿರುಗಿಸಿ, ಬೋರಲು ಹಾಕಿ, ಎಳೆದು ನೋಡಿದೆ. ಬೋರಲು ಹಾಕಿದಾಗ ಅದು ಬಲಭಾಗವಾಗಿತ್ತು. ಬೇರೆ ಬಟ್ಟೆಯಾಗಿದ್ದರೆ ಒಳಮೈ ಹೊರಗೆ ಬಂದು ಕೆಟ್ಟು ಕಾಣುತ್ತಿತ್ತು. ಈ ಚಾದರಕ್ಕೆ ಒಳಮೈ ಎಂಬುದೇ ಇಲ್ಲ: ಒಂದು ಮಗ್ಗುಲು ಕೆಂಪಿನ ಮೇಲೆ ಬಿಳಿ ಹೂವು, ಇನ್ನೊಂದು ಬಿಳಿಯ ಮೇಲೆ ಕೆಂಪು ಹೂವು. ಹಾಗೇ ಹೊಲಿದೆ. ದಪ್ಪ ಅಂಚಿಗೆ ಸೂಜಿ ಮುರಿಯಿತು. ಬೇರೆ ಸೂಜಿ ಹಾಕಿ ಮತ್ತೆ ತುಳಿದೆ.

ಸೋಮವಾರ ಬೆಳಿಗ್ಗೆ ತೊಟ್ಟು ಆಯಿಯ ಮುಂದೆ ನಿಂತೆ. ಅರ್ಧ ಕೆಂಪು, ಅರ್ಧ ಬಿಳಿ.

“ಹಾಸಿಗಿ ಅಂತೂ ಅಲ್ಲ,” ಎಂದು ನನ್ನ ಸುತ್ತ ತಿರುಗಿ ನೋಡಿದಳು. “ಕೋಟು ಅನ್ನಾಕೂ ಧೈರ್ಯ ಬೇಕು.”

“ತೀರ್ಪು ಹೇಳು ಆಯಿ.”

ಅವಳ ಕೈ ನನ್ನ ಎದೆಯ ಎಡಕ್ಕೆ ಬಂದು ಏನನ್ನೋ ಹುಡುಕಿತು. “ಕಿಸೆ ಎಲ್ಲಿ? ನಿಮ್ಮಜ್ಜಾರು ಕಿಸೆ ಇಲ್ಲದ್ದು ಮೈಮ್ಯಾಗ ಹಾಕ್ಕೊಂತಿದ್ದಿಲ್ಲ.”

ಹೊರಗೆ ಕಾಕಾ ನನ್ನ ರಗ್ಗನ್ನು ಗಾಡಿಗೆ ಕಟ್ಟುತ್ತಿದ್ದ. ನಾನು ಕೋಟು ಬಿಚ್ಚಿ, ಚಿಂದಿಯಲ್ಲಿ ಕಿಸೆಗಾಗುವ ತುಂಡು ಹುಡುಕತೊಡಗಿದೆ.